ಜಮಾ ಯಾವ ಕಡೆ, ಖರ್ಚು ಯಾವ ಕಡೆ?

ಬ್ಯಾಂಕಿನವನು ಮೋಸ ಹೋದ ಅಂದರೆ ಕೇಳುವವರಿಗೆ ಒಂಥರಾ ಖುಷಿ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಇವತ್ತಿನ ಬರಹದಲ್ಲಿ ಮೋಸ ಹೋದವನು ನಾನೇ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಸ್ವಲ್ಪ ಗಂಭೀರವಾಗಿ ಮಾತಾಡೋಣ.

ಇದನ್ನು ಬರೆಯೋಕೆ ಕಾರಣ ಕಳೆದ ಭಾನುವಾರ ಬಂದ ಒಂದು ಫೋನು. ಠಾಣೆಯಲ್ಲಿರುವ ನನ್ನ ಹಳೇ ಗೆಳೆಯ, ನಮ್ಮ ಧಾರವಾಡದ ಕಡೆಯವನೇ. ಮೊಮ್ಮಗಳನ್ನು ಕರಕೊಂಡು ಮಾಲ್‌ಗೆ ಹೋಗಿದ್ದನಂತೆ. ಅಲ್ಲಿ ಟೇಬಲ್ ಹಾಕಿಕೊಂಡು ಕೂತಿದ್ದ ಒಬ್ಬ ಹುಡುಗಿ ಕೂಸನ್ನು ನೋಡಿ, "ಅಂಕಲ್, ಎಂಥಾ ಫೋಟೋಜೆನಿಕ್ ಫೇಸ್!" ಅಂದು ಎರಡು ಫೋಟೋ ತೆಗೆದು, ನಂಬರ್ ಬರೆದುಕೊಂಡಳಂತೆ. ಮೂರನೇ ದಿನಕ್ಕೆ ಫೋನು: "ನಿಮ್ಮ ಮಗು ಜಾಹೀರಾತಿಗೆ ಶಾರ್ಟ್‌ಲಿಸ್ಟ್ ಆಗಿದೆ, ಪೋರ್ಟ್‌ಫೋಲಿಯೋ ಮಾಡಿಸೋಕೆ 28,000 ಕಟ್ಟಿ."

"ಕಟ್ಟಲೇನೋ?" ಅಂತ ಕೇಳಿದ.

"ಕಟ್ಟಬ್ಯಾಡ" ಅಂದೆ.

"ಅಷ್ಟು ಲಗೂನ ಹೆಂಗ ಹೇಳತೀ? ನೋಡಿಲ್ಲ, ಮಾಡಿಲ್ಲ..."

ನೋಡಿದ್ದೇನೆ ಮಾರಾಯ. ನೋಡಿದ್ದಕ್ಕೆ ನಮ್ಮ ಮನೆಯಿಂದ ಫೀಸು ಕೂಡ ಹೋಗಿದೆ, ಒಟ್ಟು 98,000.

ಕಥೆ 2022ರದು. ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಯ ಮಗಳು ಆಗಷ್ಟೇ ಬಿಕಾಂ ಮುಗಿಸಿದ್ದಳು. ಎತ್ತರದ ಹುಡುಗಿ, ಲಕ್ಷಣವಾಗಿದ್ದಾಳೆ. ಕಾಲೇಜಿನ ಫ್ಯಾಷನ್ ಶೋದಲ್ಲಿ ಬಹುಮಾನ ಬಂದಿತ್ತು. ಇನ್‌ಸ್ಟಾಗ್ರಾಮಿನಲ್ಲಿ ಅವಳ ಫೋಟೋಗೆ ಯಾರೋ ಮೆಸೇಜು ಮಾಡಿದರು, ನಿಮ್ಮ ಮುಖ ನಮ್ಮ ಬ್ರ್ಯಾಂಡಿಗೆ ಹೊಂದುತ್ತೆ, ಮುಂಬೈಗೆ ಬಂದು ಭೇಟಿಯಾಗಿ ಅಂತ. ಅವರಪ್ಪನಿಗೆ ಈ ಕಸುಬೇ ಇಷ್ಟವಿಲ್ಲ. ಅವರಮ್ಮ ನಡುವೆ ಸಿಕ್ಕಿಕೊಂಡಳು. ಕೊನೆಗೆ "ಮುಂಬೈಯಾಗ ಅಣ್ಣ ಇದ್ದಾನ, ಬ್ಯಾಂಕಿನಾಗ ಇದ್ದಾನ, ಅವ ನೋಡಿಕೋತಾನ" ಅಂತ ತೀರ್ಮಾನವಾಗಿ, ಅಕ್ಟೋಬರ್ ಮೊದಲ ವಾರ ಕೂಸು ದಹಿಸರಿನ ನಮ್ಮ ಮನೆಗೆ ಬಂತು.

ಅಂಧೇರಿ ಪಶ್ಚಿಮದಲ್ಲಿ ಲಿಂಕ್ ರೋಡಿನ ಒಂದು ಒಳರಸ್ತೆ, ಮೂರನೇ ಮಹಡಿ. ಶನಿವಾರ ನಾನೂ ಜೊತೆಗೆ ಹೋದೆ. ಎಸಿ ಇತ್ತು, ಗೋಡೆಯ ತುಂಬ ದೊಡ್ಡ ದೊಡ್ಡ ಫೋಟೋ ಇದ್ದವು, ಚಹಾ ಕೊಟ್ಟರು. ನಾನು ಬ್ಯಾಂಕಿನವನು ಅಂದಾಗ ಆ ಮನುಷ್ಯ ಎದ್ದು ನಿಂತು ಕೈಕುಲುಕಿದ. ಅಲ್ಲಿಗೆ ನನ್ನ ಅರ್ಧ ಬುದ್ಧಿ ಹೋಯಿತು ಅನ್ನಿ. ರಿಜಿಸ್ಟ್ರೇಶನ್ನಿಗೆ 3,000 ಅಂದರು, ಕೂಸು ತನ್ನ ಉಳಿತಾಯದಿಂದ ಕಟ್ಟಿತು. ಪೋರ್ಟ್‌ಫೋಲಿಯೋಗೆ 32,000. ಅದನ್ನು ನಾನು ಕೊಟ್ಟೆ, ಯುಪಿಐನಲ್ಲಿ, ಅಲ್ಲೇ ಕೂತು. "ಮೊದಲ ಅಸೈನ್‌ಮೆಂಟ್ ಆದಮೇಲೆ ವಾಪಸ್ ಕೊಡ್ತೀವಿ ಸರ್" ಅಂದ. ರಸೀತಿಯ ಮೇಲೆ ಜಿಎಸ್‌ಟಿ ನಂಬರ್ ಅಚ್ಚಾಗಿತ್ತು. ನನಗೆ ಅಷ್ಟು ಸಾಕಾಯಿತು.

ಎರಡು ಲಕ್ಷದ ಸಾಲ ಕೇಳಿಕೊಂಡು ಬಂದ ಕಿರಾಣಿ ಅಂಗಡಿಯವನಿಂದ ಮೂರು ವರ್ಷದ ಐಟಿ ರಿಟರ್ನ್, ಅಂಗಡಿಯ ಬಾಡಿಗೆ ಕರಾರು, ಜಾಮೀನುದಾರನ ಪ್ಯಾನ್ ಕಾರ್ಡು ಎಲ್ಲ ಕೇಳುವವನು ನಾನು. ಆವತ್ತು ನನ್ನ ಮೊಬೈಲಿನಲ್ಲಿ, ದುಡ್ಡು ಕಳಿಸುವ ಮೊದಲು, ಪಡೆಯುವವರ ಹೆಸರು ಕಾಣಿಸಿತ್ತು. ಅದು ಬೋರ್ಡಿನ ಮೇಲಿದ್ದ ಕಂಪನಿಯ ಹೆಸರಲ್ಲ, ಯಾವನೋ ಒಬ್ಬ ವ್ಯಕ್ತಿಯ ಹೆಸರು. ನೋಡಿದೆ, ಆದರೂ ಪಿನ್ ಒತ್ತಿದೆ.

ಆಮೇಲೆ "ಗ್ರೂಮಿಂಗ್ ಕ್ಲಾಸ್" ಅಂತ 18,000. ಅದನ್ನು ತಂಗಿ ತನ್ನ ಮನೆಖರ್ಚಿನ ದುಡ್ಡಿನಿಂದ ಕಳಿಸಿದಳು. ದೀಪಾವಳಿಗೆ ಕೂಸು ಊರಿಗೆ ಹೋಗಿ ಬಂತು. ನವೆಂಬರಿನಲ್ಲಿ "ಗೋವಾದಲ್ಲಿ ಶೂಟಿಂಗ್, ಕಾಸ್ಟ್ಯೂಮಿಗೆ 45,000 ಡಿಪಾಸಿಟ್" ಅಂದರು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಡಿಸೆಂಬರಿನಲ್ಲಿ ಒಂದು ದಿನ ಅವಳು ಹೋದಾಗ ಆಫೀಸಿಗೆ ಬೀಗ. ಫೋನು ಸ್ವಿಚ್ ಆಫ್. ಆವತ್ತು ರಾತ್ರಿ ಊಟಕ್ಕೆ ಕೂತಾಗ ಅತ್ತುಬಿಟ್ಟಳು. ಆಗ ಗೊತ್ತಾಯಿತು, ಆ 45,000 ಎಲ್ಲಿಂದ ಬಂತು ಅಂತ. ದೀಪಾವಳಿಗೆ ಹೋದಾಗ ತನ್ನಜ್ಜಿ, ಅಂದರೆ ನಮ್ಮವ್ವ, ಅವಳ ಮದುವೆಗೆ ಅಂತ ಎತ್ತಿಟ್ಟಿದ್ದ ಒಂದು ಜೋಡಿ ಪಾಟ್ಲಿಯನ್ನು ತಂದು ಒತ್ತೆ ಇಟ್ಟಿದ್ದಳು.

ಜಿಎಸ್‌ಟಿ ಪೋರ್ಟಲಿನಲ್ಲಿ ಆ ನಂಬರ್ ಹಾಕಿ ನೋಡಿದೆ. ಯಾರು ಬೇಕಾದರೂ ನೋಡಬಹುದು, ಎರಡು ನಿಮಿಷದ ಕೆಲಸ. ಅದು ಇನ್ನಾವುದೋ ವ್ಯಾಪಾರದವರ ನಂಬರ್. ಪೊಲೀಸ್ ಕಂಪ್ಲೇಂಟ್ ಕೊಟ್ಟೆವು. 1930ಕ್ಕೂ ಫೋನ್ ಮಾಡಿದೆವು. ಆದರೆ ಕೊನೆಯ ಕಂತು ಹೋಗಿ ತಿಂಗಳಾಗಿತ್ತು. ದುಡ್ಡು ಅಷ್ಟು ದಿನ ಒಂದು ಖಾತೆಯಲ್ಲಿ ಕೂತಿರುತ್ತದೆಯೇ? ಒಂದು ಪೈಸೆ ವಾಪಸ್ ಬರಲಿಲ್ಲ. ಪಾಟ್ಲಿ ನಾನೇ ಬಡ್ಡಿ ಕಟ್ಟಿ ಬಿಡಿಸಿದೆ.

ತಂಗಿ ಫೋನಿನಲ್ಲಿ ಬೈಯಲಿಲ್ಲ. ಒಂದೇ ಮಾತು ಕೇಳಿದಳು: "ಅಣ್ಣಾ, ನೀ ಬ್ಯಾಂಕಿನಾಗ ಇದ್ದೀ. ನಿನಗೂ ತಿಳೀಲಿಲ್ಲೇನು?"

ತಿಳಿಯಲಿಲ್ಲ ಯಾಕೆ ಅಂತ ಆಮೇಲೆ ಬಹಳ ದಿನ ಯೋಚನೆ ಮಾಡಿದೆ. ಮಾಡೆಲಿಂಗ್ ಅಂದರೆ ಅದೇನೋ ಬೇರೆ ಲೋಕ, ಅಲ್ಲಿಯ ಲೆಕ್ಕವೇ ಬೇರೆ ಅಂತ ನಾವು ಅಂದುಕೊಂಡಿದ್ದೇವೆ. ಅದೇ ತಪ್ಪು. ಅದೂ ಒಂದು ಕೆಲಸ. ಕೆಲಸ ಅಂದಮೇಲೆ ದುಡ್ಡು ಕೆಲಸ ಮಾಡಿಸುವವನಿಂದ ಕೆಲಸ ಮಾಡುವವನ ಕಡೆಗೆ ಬರಬೇಕು. ನಾನು ಮೊದಲು ಬ್ಯಾಂಕಿಗೆ ಸೇರಿದಾಗ ಮ್ಯಾನೇಜರು, "ನಿನ್ನ ಕುರ್ಚಿಗೆ ಡಿಪಾಸಿಟ್ ಇಡು" ಅಂದಿದ್ದರೆ ನಾನು ಎದ್ದು ಊರಿಗೆ ಹೋಗುತ್ತಿದ್ದೆ. ಅದನ್ನೇ ಇಲ್ಲಿ ಕೇಳಿದಾಗ ಕೊಟ್ಟುಬಂದೆ.

ನಮ್ಮ ಶಾಖೆಯಲ್ಲಿ ಖಾತೆ ಇರುವ ಒಬ್ಬ ಕೋ-ಆರ್ಡಿನೇಟರ್ ಇದ್ದಾನೆ. ಉಡುಪಿ ಕಡೆಯವನು, ಜಾಹೀರಾತಿನವರಿಗೆ ಮುಖಗಳನ್ನು ಹುಡುಕಿಕೊಡುವುದೇ ಅವನ ಕಸುಬು. ಎಲ್ಲ ಆದಮೇಲೆ ಅವನ ಮುಂದೆ ಕಥೆ ಹೇಳಿದೆ. ಅವನು ತಲೆ ಚಚ್ಚಿಕೊಂಡ. "ಸರ್, ನನ್ನ ಖಾತೆ ನಿಮ್ಮ ಹತ್ರವೇ ಉಂಟಲ್ಲ, ಒಮ್ಮೆ ತೆಗೆದು ನೋಡ್ಬಾರ್ದಿತ್ತಾ? ಹುಡುಗ ಹುಡುಗಿಯರಿಂದ ಒಂದು ರೂಪಾಯಿ ಬಂದದ್ದು ತೋರಿಸಿ ನೋಡುವಾ!"

ನಿಜವೇ. ಅವನ ಖಾತೆಗೆ ದುಡ್ಡು ಬರುವುದು ಪ್ರೊಡಕ್ಷನ್ ಕಂಪನಿಗಳಿಂದ, ಟಿಡಿಎಸ್ ಮುರಿದುಕೊಂಡು. ಅಲ್ಲಿಂದ ತನ್ನ ಕಮಿಷನ್ ಇಟ್ಟುಕೊಂಡು ಉಳಿದದ್ದನ್ನು ಮಾಡೆಲ್‌ಗಳಿಗೆ ಕಳಿಸುತ್ತಾನೆ. ಆವತ್ತು ಅವನು ಬಿಡಿಸಿ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಸೋಪಿನ ಕಂಪನಿಗೆ ಜಾಹೀರಾತು ಬೇಕು. ಅದು ಜಾಹೀರಾತು ಏಜೆನ್ಸಿಗೆ ಹೇಳುತ್ತದೆ, ಏಜೆನ್ಸಿ ಪ್ರೊಡಕ್ಷನ್ ಹೌಸಿಗೆ ಹೇಳುತ್ತದೆ, ಅವರು ಕಾಸ್ಟಿಂಗ್ ಮಾಡುವವರಿಗೆ, ಅವರು ಮಾಡೆಲ್ ಏಜೆನ್ಸಿಗೋ ಕೋ-ಆರ್ಡಿನೇಟರಿಗೋ ಹೇಳುತ್ತಾರೆ. ದುಡ್ಡು ಸೋಪಿನ ಕಂಪನಿಯಿಂದ ಹೊರಟು ಇದೇ ದಾರಿಯಲ್ಲಿ ಕೆಳಗೆ ಇಳಿಯುತ್ತದೆ. ಪ್ರತಿಯೊಬ್ಬನೂ ತನ್ನ ಪಾಲು ತೆಗೆದುಕೊಂಡು ಉಳಿದದ್ದನ್ನು ಮುಂದೆ ದಾಟಿಸುತ್ತಾನೆ. ಏಜೆನ್ಸಿಯ ಕಮಿಷನ್ ಸಾಮಾನ್ಯವಾಗಿ ಶೇಕಡಾ 10ರಿಂದ 30ರ ಒಳಗೆ. ಅದೂ ಕೆಲಸ ಆದಮೇಲೆ, ಬಂದ ದುಡ್ಡಿನಲ್ಲಿ. ಮಾಡೆಲ್‌ನ ಕೈಗೆ ದುಡ್ಡು ಸಿಗಲು ಎರಡು ಮೂರು ತಿಂಗಳು ಹಿಡಿಯುವುದೂ ಉಂಟು. ತಡವಾಗಿ ಬರುತ್ತದೆ, ಆದರೆ ಬರುವುದು ಮೇಲಿನಿಂದ ಕೆಳಗೆ. ಕೆಳಗಿನಿಂದ ಮೇಲಕ್ಕೆ ಹೋಗುತ್ತಿದೆ ಅಂದರೆ ಅಲ್ಲಿ ಸೋಪೂ ಇಲ್ಲ, ಜಾಹೀರಾತೂ ಇಲ್ಲ. ಅಲ್ಲಿ ಗಿರಾಕಿ ನೀವೇ.

ಹಾಗಾದರೆ ಪೋರ್ಟ್‌ಫೋಲಿಯೋ ಅನ್ನುವುದೇ ಸುಳ್ಳಾ? ಅಲ್ಲ. ಒಳ್ಳೆಯ ಫೋಟೋಗಳು ಬೇಕಾಗುತ್ತವೆ. ಆದರೆ ಶುರುವಿನಲ್ಲಿ ಏಜೆನ್ಸಿಯವರು ಕೇಳುವುದು ಸಾದಾ ಫೋಟೋ: ಮೇಕಪ್ ಇಲ್ಲದೆ, ಹಗಲು ಬೆಳಕಿನಲ್ಲಿ, ಖಾಲಿ ಗೋಡೆಯ ಮುಂದೆ ನಿಂತು, ಎದುರಿನಿಂದ ಒಂದು, ಪಕ್ಕದಿಂದ ಒಂದು, ಪೂರ್ತಿ ನಿಂತಿದ್ದು ಒಂದು. ಅದರ ಜೊತೆಗೆ ಎತ್ತರ, ಅಳತೆ. ಇಷ್ಟನ್ನು ಮನೆಯಲ್ಲಿ ತಮ್ಮನೋ ತಂಗಿಯೋ ಮೊಬೈಲಿನಲ್ಲೇ ತೆಗೆದುಕೊಡಬಹುದು. ಮುಂದೆ ಚೆಂದದ ಫೋಟೋ ಬೇಕಾದಾಗ, ಕಲಿಯುತ್ತಿರುವ ಫೋಟೋಗ್ರಾಫರುಗಳೇ ಹೊಸ ಮಾಡೆಲ್‌ಗಳನ್ನು ಹುಡುಕುತ್ತಿರುತ್ತಾರೆ. ಅವನಿಗೂ ಫೋಟೋ ಬೇಕು, ಇವಳಿಗೂ ಬೇಕು, ಇಬ್ಬರೂ ದುಡ್ಡು ತೆಗೆದುಕೊಳ್ಳದೆ ಕೆಲಸ ಮಾಡುತ್ತಾರೆ. ದುಡ್ಡು ಕೊಟ್ಟೇ ಮಾಡಿಸುವುದಾದರೆ ನಾಲ್ಕು ಕಡೆ ರೇಟು ಕೇಳಿ, ಅವರ ಹಳೇ ಕೆಲಸ ನೋಡಿ, ನಿಮಗೆ ಬೇಕಾದವರ ಹತ್ತಿರ ಮಾಡಿಸಿ. "ನಮ್ಮ ಫೋಟೋಗ್ರಾಫರ್ ಹತ್ತಿರವೇ ಮಾಡಿಸಬೇಕು, ಇಲ್ಲದಿದ್ದರೆ ಕೆಲಸ ಇಲ್ಲ" ಅಂದರೆ, ಆ ಅಂಗಡಿಯವರು ಮಾರುತ್ತಿರುವುದು ಫೋಟೋವನ್ನೇ, ಕೆಲಸವನ್ನಲ್ಲ.

ಇನ್ನೊಂದು ಮಾತು. ಇದರಲ್ಲಿ ಖರ್ಚೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮುಂಬೈಯಲ್ಲಿ ಇರೋದಕ್ಕೆ ಬಾಡಿಗೆ, ಲೋಕಲ್ ಪಾಸು, ಬಟ್ಟೆ, ಜಿಮ್ಮು, ಎಲ್ಲ ಇದೆ. ಅದು ಕಸುಬು ಹಿಡಿಯುವವರ ಬಂಡವಾಳ. ಆದರೆ ಅದು ಮನೆ ಮಾಲೀಕನಿಗೆ ಹೋಗುತ್ತದೆ, ರೈಲ್ವೆಗೆ ಹೋಗುತ್ತದೆ. ಕೆಲಸ ಕೊಡುತ್ತೇನೆ ಅನ್ನುವವನಿಗೆ ಹೋಗಬಾರದು.

ಇವರು ಕೇಳುವ ಕ್ರಮ ಗಮನಿಸಿದ್ದೀರಾ? ಮೊದಲು 3,000. ಹೋದರೆ ಹೋಗಲಿ ಅನ್ನಿಸುವಷ್ಟು. ಆಮೇಲೆ 32,000. ಅದಾದಮೇಲೆ ಇಷ್ಟು ಹಾಕಿದ್ದೀವಿ, ಈಗ ಬಿಟ್ಟರೆ ಹಾಕಿದ್ದೂ ಹೋಗುತ್ತದೆ ಅಂತ 18,000. ಕೊನೆಗೆ 45,000. ಮುಳುಗಿದ ಸಾಲ ಉಳಿಸಿಕೊಳ್ಳೋಕೆ ಮತ್ತೆ ಸಾಲ ಕೊಡುವ ಮ್ಯಾನೇಜರುಗಳನ್ನು ನಾನು ನೋಡಿದ್ದೇನೆ, ಅವರ ಬಗ್ಗೆ ಕ್ಯಾಂಟೀನಿನಲ್ಲಿ ತಮಾಷೆಯನ್ನೂ ಮಾಡಿದ್ದೇನೆ. ನಮ್ಮ ಮನೆಯಲ್ಲಿ ಆದದ್ದು ಅದೇ.

ಲಾಟರಿ ಬಂದಿದೆ ತೆರಿಗೆ ಕಟ್ಟಿ, ಪಾರ್ಸೆಲ್ ಬಂದಿದೆ ಕಸ್ಟಮ್ಸ್ ಕಟ್ಟಿ, ಸಾಲ ಮಂಜೂರಾಗಿದೆ ಮೊದಲು ಚಾರ್ಜು ಕಟ್ಟಿ... ಇವೆಲ್ಲ ಒಂದೇ ತಾಯಿಯ ಮಕ್ಕಳು. ಅವುಗಳ ಬಗ್ಗೆ ನಾನೇ ಕೌಂಟರಿನಲ್ಲಿ ಕೂತು ಗಿರಾಕಿಗಳಿಗೆ ಬುದ್ಧಿ ಹೇಳಿದ್ದೇನೆ. ಇದು ಮಾತ್ರ ಬೇರೆ ವೇಷದಲ್ಲಿ ಬಂತು. ಅವರು ಆಸೆ ಹುಟ್ಟಿಸಿದ್ದು ದುಡ್ಡಿನದಲ್ಲ, ಒಂದು ಹುಡುಗಿಯ ಮುಖದ ಮೇಲೆ. ಯಾರಾದರೂ ನಮ್ಮ ಕೂಸು ಚೆಂದ ಇದೆ ಅಂದರೆ, ಅದನ್ನು ಸುಳ್ಳು ಅನ್ನೋಕೆ ಯಾವ ಸೋದರಮಾವನಿಗೆ ಮನಸ್ಸು ಬರುತ್ತದೆ ಹೇಳಿ? ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ವಿಶ್ವಸುಂದರಿ ಆಗಿಲ್ಲವೇ, ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ಮಾಡೆಲಿಂಗಿನಿಂದಲೇ ಮೇಲೆ ಬಂದಿಲ್ಲವೇ ಅಂತ ನಮ್ಮ ಮನಸ್ಸೇ ಅವರ ಪರವಾಗಿ ವಕಾಲತ್ತು ಮಾಡುತ್ತದೆ.

ಸಿನಿಮಾದ ಊರು ಅಂತ ಜಗತ್ತೇ ಹೇಳುವ ಕ್ಯಾಲಿಫೋರ್ನಿಯಾದಲ್ಲಿ 2009ರಲ್ಲಿ ಒಂದು ಕಾನೂನು ಮಾಡಿದರು, 2010ರ ಜನವರಿಯಿಂದ ಜಾರಿಗೆ ಬಂತು. ನಟನೆ, ಮಾಡೆಲಿಂಗ್ ಕೆಲಸ ಕೊಡಿಸುತ್ತೇನೆ ಅಂತ ಮುಂಗಡ ಫೀಸು ಕೇಳುವುದೇ ಅಲ್ಲಿ ಅಪರಾಧ. ಕೆಲಸ ಸಿಕ್ಕಿತೋ ಇಲ್ಲವೋ ಆಮೇಲಿನ ಮಾತು. ನಮ್ಮಲ್ಲಿ ಆಸರೆ ಮಾಮೂಲಿ ವಂಚನೆಯ ಕಾನೂನು. ಮೊದಲು ಐಪಿಸಿ 420 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಬಂದಿದೆ. ಅಲ್ಲಿ ಶುರುವಿನಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ಅವನೋ, "ಫೋಟೋ ತೆಗೆದುಕೊಟ್ಟಿದ್ದೀನಲ್ಲ, ಕೆಲಸ ಸಿಗದಿದ್ದರೆ ನನ್ನ ತಪ್ಪಾ?" ಅಂತಾನೆ. ನಮಗೂ ಮೂವತ್ತೆರಡು ಸಾವಿರಕ್ಕೆ ಒಂದು ಆಲ್ಬಮ್ಮು ಸಿಕ್ಕಿದೆ, ಕಪಾಟಿನಲ್ಲಿದೆ. ನಮ್ಮ ದೇಶದ ಅರ್ಧ ಜಾಹೀರಾತು ತಯಾರಾಗುವ ಊರಿನಲ್ಲಿ ಇಂಥ ಒಂದು ನೇರವಾದ ನಿಯಮ ಬರಬೇಕು ಅನ್ನುವುದು ನನ್ನ ಅಭಿಪ್ರಾಯ. ಬರುವ ತನಕ ನಮ್ಮ ಕಾವಲು ನಾವೇ ಕಾಯಬೇಕು.

ಮಕ್ಕಳ ವಿಷಯದಲ್ಲಿ ಮಾತ್ರ ನಮ್ಮಲ್ಲೂ ಒಂದು ನಿಯಮ ಇದೆ, ಅದು ನನ್ನ ಇಲಾಖೆಗೇ ಸಂಬಂಧಪಟ್ಟದ್ದು. ಬಾಲಕಾರ್ಮಿಕ ನಿಯಮಗಳಿಗೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಮಗುವನ್ನು ಜಾಹೀರಾತಿನಲ್ಲೋ ಸಿನಿಮಾದಲ್ಲೋ ಹಾಕಿಕೊಳ್ಳುವವರು ಜಿಲ್ಲಾಧಿಕಾರಿಯ ಅನುಮತಿ ತೆಗೆದುಕೊಳ್ಳಬೇಕು, ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಬಾರದು, ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇಕಡಾ 20ನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಎಫ್‌ಡಿ ಇಡಬೇಕು. ಠಾಣೆಯ ಗೆಳೆಯನಿಗೆ ನಾನು ಹೇಳಿದ್ದು ಇದೇ: ನಿಜವಾದವರು ನಿನ್ನ ಮೊಮ್ಮಗಳ ಎಫ್‌ಡಿ ಖಾತೆ ಎಲ್ಲಿ ಅಂತ ಕೇಳತಾರ. ಇವರು ನಿನ್ನ ಎಫ್‌ಡಿ ಮುರಿಸಾಕ ಬಂದಾರ.

ಮೋಸ ಆಗಿಹೋದರೆ? ತಡ ಮಾಡಬೇಡಿ. 1930ಕ್ಕೆ ಆ ಗಳಿಗೆಯಲ್ಲೇ ಫೋನ್ ಮಾಡಿ. ಬೇಗ ಹೇಳಿದರೆ ಆ ದುಡ್ಡು ಹೋದ ಖಾತೆಯಲ್ಲೇ ಅದನ್ನು ತಡೆಹಿಡಿಯುವ ಸಾಧ್ಯತೆ ಇದೆ, ಬ್ಯಾಂಕುಗಳಿಗೆ ಆ ವ್ಯವಸ್ಥೆ ಇದೆ. ನಿಮ್ಮ ಬ್ಯಾಂಕಿಗೂ ಹೇಳಿ. ಮೆಸೇಜು, ರಸೀತಿ, ಯುಪಿಐ ನಂಬರ್ ಯಾವುದನ್ನೂ ಅಳಿಸಬೇಡಿ. ನಾಚಿಕೆಯಿಂದ ನಾಲ್ಕು ದಿನ ಸುಮ್ಮನೆ ಕೂತರೆ ಆ ನಾಲ್ಕು ದಿನ ಅವರಿಗೇ ಲಾಭ.

ನಾಚಿಕೆ ಅಂದೆನಲ್ಲ, ನಾನು ನಿಜವಾಗಿ ಹೇಳಬೇಕಾದ್ದು ಅದರ ಬಗ್ಗೆಯೇ.

ಕೂಸು ನಾಲ್ಕನೇ ಕಂತನ್ನು ಯಾಕೆ ಮುಚ್ಚಿಟ್ಟಳು? ಆವತ್ತು ರಾತ್ರಿ ಕೇಳಿದೆ. "ಮಾಮಾ, ಅಪ್ಪಗ ಗೊತ್ತಾದ್ರ ವಾಪಸ್ ಕರೀತಾರ. ನಿಮಗ ಹೇಳಿದ್ರ ನೀವು ಅಪ್ಪಗ ಹೇಳತೀರಿ" ಅಂದಳು. ನಮ್ಮ ಮನೆಗಳಲ್ಲಿ ಇದು ಕಸುಬೇ ಅಲ್ಲ. ಹುಡುಗ ಸಿಎ ಕೋಚಿಂಗಿಗೆ ಲಕ್ಷ ಕೇಳಿದರೆ ನಾಲ್ಕು ಜನರನ್ನು ವಿಚಾರಿಸುತ್ತೇವೆ, ಯಾವ ಕ್ಲಾಸು ಒಳ್ಳೆಯದು, ಎಷ್ಟು ಜನ ಪಾಸಾದರು ಅಂತ. ಮಾಡೆಲಿಂಗ್ ಅಂದಕೂಡಲೇ ಅವರಪ್ಪ ಬೈದರು, ನಾನು ದೊಡ್ಡ ಮನಸ್ಸು ಮಾಡಿದವನ ಹಾಗೆ ದುಡ್ಡು ಕೊಟ್ಟೆ. ಇಬ್ಬರಲ್ಲಿ ಒಬ್ಬರೂ ವಿಚಾರಿಸಲಿಲ್ಲ. ಉಡುಪಿಯ ಆ ಕೋ-ಆರ್ಡಿನೇಟರ್ ವಾರಕ್ಕೊಮ್ಮೆ ನನ್ನ ಟೇಬಲ್ಲಿನ ಮುಂದೆಯೇ ಬಂದು ಕೂರುತ್ತಿದ್ದ. ಅವನನ್ನು ಮೊದಲೇ ಕೇಳದೆ ಹೋದದ್ದಕ್ಕೆ ಕಾರಣ, ನಮ್ಮನೆ ಹುಡುಗಿ ಮಾಡೆಲ್ ಆಗಬೇಕು ಅಂತಿದ್ದಾಳೆ ಅಂತ ಬ್ಯಾಂಕಿನಲ್ಲಿ ಬಾಯಿಬಿಟ್ಟು ಹೇಳೋಕೆ ನನಗೇ ಸಂಕೋಚವಾಗಿತ್ತು. ಬರೆಯೋಕೆ ಕಷ್ಟವಾಗುತ್ತಿದೆ, ಆದರೆ ನಿಜ ಅದೇ.

ಈ ಮೋಸಗಾರರಿಗೆ ದೊಡ್ಡ ಬಂಡವಾಳ ನಮ್ಮ ಮನೆಯೊಳಗಿನ ಈ ಮುಚ್ಚುಮರೆ. ಮಕ್ಕಳು ಮನೆಯಲ್ಲಿ ಹೇಳುವುದಿಲ್ಲ ಅಂತ ಅವರಿಗೆ ಗೊತ್ತು. ಆವತ್ತು ಅವಳು ಅತ್ತು ಹೇಳಿದಾಗ ಮೊದಲು ನನ್ನ ಎದೆ ಧಸಕ್ಕೆಂದದ್ದು ದುಡ್ಡಿಗಲ್ಲ, ಆ "ಗೋವಾ" ಅನ್ನುವ ಮಾತಿಗೆ. 45,000 ತೆಗೆದುಕೊಂಡು ಓಡಿಹೋದರಲ್ಲ, ಅಷ್ಟಕ್ಕೇ ಮುಗಿಯಿತು ಅಂತ ನನ್ನ ಹೆಂಡತಿ ದೇವರಿಗೆ ದೀಪ ಹಚ್ಚಿದಳು. ಯಾರಿಗೂ ಹೇಳದೆ ಆ ಕೂಸು ಗೋವಾ ಬಸ್ಸು ಹತ್ತಿದ್ದರೆ?

ಅದಕ್ಕೇ ಹೇಳುತ್ತೇನೆ, ಮನೆಯಲ್ಲಿ ಹುಡುಗಿಯೋ ಹುಡುಗನೋ ಮಾಡೆಲ್ ಆಗುತ್ತೇನೆ ಅಂದರೆ ಬೈಯಬೇಡಿ. ತಲೆ ಮೇಲೆ ಹೊತ್ತು ಕುಣಿಯಲೂ ಬೇಡಿ. ಲೆಕ್ಕ ಕೇಳಿ. ಯಾವ ಕಂಪನಿಯ ಕೆಲಸ, ಎಷ್ಟು ದಿನ, ಎಷ್ಟು ಕೊಡುತ್ತಾರೆ, ಯಾವಾಗ ಕೊಡುತ್ತಾರೆ, ಕಮಿಷನ್ ಎಷ್ಟು, ಬರವಣಿಗೆಯಲ್ಲಿ ಇದೆಯಾ? ಈ ಪ್ರಶ್ನೆಗಳನ್ನು ಕೇಳುವ ಒಬ್ಬ ಹಿರಿಯ ಜೊತೆಗಿದ್ದಾನೆ ಅಂತ ಗೊತ್ತಾದರೆ ಅರ್ಧ ಜನ ಫೋನು ಇಟ್ಟುಬಿಡುತ್ತಾರೆ. ಉಳಿದರ್ಧ ಜನ ಉತ್ತರ ಕೊಡುತ್ತಾರೆ. ಬೇಕಾಗಿರುವುದು ಅವರೇ.

ನಮ್ಮ ಕೂಸು ಈಗ ಪುಣೆಯಲ್ಲಿ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾಳೆ. ಆಸೆ ಬಿಟ್ಟಿಲ್ಲ. ಹೋದ ವರ್ಷ ಹುಬ್ಬಳ್ಳಿಯ ಒಂದು ಸೀರೆ ಅಂಗಡಿಯ ಕ್ಯಾಟಲಾಗಿಗೆ ಒಂದು ದಿನ ಹೋಗಿ ನಿಂತು ಬಂದಳು. ಈ ಸಲ ಅವರಪ್ಪನೇ ಅಂಗಡಿಗೆ ಹೋಗಿ ಮಾಲೀಕನ ಹತ್ತಿರ ಮಾತಾಡಿ ಬಂದಿದ್ದರು. ಎರಡು ತಿಂಗಳಾದ ಮೇಲೆ, ನಾನು ಬೊರಿವಲಿ ಲೋಕಲಿನಲ್ಲಿ ನಿಂತಿದ್ದಾಗ ಅವಳ ಮೆಸೇಜು ಬಂತು. ಬ್ಯಾಂಕಿನಿಂದ ಅವಳಿಗೆ ಬಂದದ್ದನ್ನೇ ಫೋಟೋ ಹೊಡೆದು ಕಳಿಸಿದ್ದಳು: 4,000 ರೂಪಾಯಿ ನಿಮ್ಮ ಖಾತೆಗೆ ಜಮಾ ಆಗಿದೆ. ಕೆಳಗೆ ಬರೆದಿದ್ದಳು, "ಮಾಮಾ, ಈ ಸಲ ಜಮಾ ಕಡೆ!"

ನೀವೂ ನಿಮ್ಮ ಮನೆಯ ಮಕ್ಕಳ ಪಾಸ್‌ಬುಕ್ಕನ್ನು ಒಮ್ಮೆ ತೆಗೆದು ನೋಡಿ. ಬೈಯೋಕಲ್ಲ, ಮಾತು ಶುರು ಮಾಡೋಕೆ. ನೀವೇನಂತೀರಿ?